ಬಾಡಿಗೆ ಮನೆಯ ಹೊಸಿಲು ಯಾರದು?

‘ಇದು ನನ್ನ ಮನೆ. ನಾನು ಯಾವಾಗ ಬೇಕಾದರೂ ಬರ್ತೀನಿ. ಕೇಳೋಕೆ ನೀನ್ಯಾರು?’

ಈ ಮಾತನ್ನು ಹೆಂಗಸರಾದ ನಾವು ಇಬ್ಬರ ಬಾಯಲ್ಲಿ ಕೇಳುತ್ತೇವೆ. ಒಬ್ಬ ಗಂಡ, ಇನ್ನೊಬ್ಬ ಮನೆ ಮಾಲೀಕ. ಗಂಡನ ಬಾಯಿಂದ ಬಂದಾಗ ಅದು ದೌರ್ಜನ್ಯ ಎಂದು ಗುರುತಿಸಲು ನಾವು ಕಲಿತಿದ್ದೇವೆ. ಅದಕ್ಕಾಗಿ ಬೀದಿಗಿಳಿದಿದ್ದೇವೆ, ಠಾಣೆಯ ಮುಂದೆ ಕೂತಿದ್ದೇವೆ, ಕಾಯಿದೆ ಬರುವ ತನಕ ಹೋರಾಡಿದ್ದೇವೆ. ಆದರೆ ಮಾಲೀಕನ ಬಾಯಿಂದ ಅದೇ ಮಾತು ಬಂದಾಗ ತಲೆ ತಗ್ಗಿಸಿಬಿಡುತ್ತೇವೆ. ‘ಅವರ ಮನೆ ತಾನೆ, ಏನು ಮಾಡೋಕಾಗುತ್ತೆ’ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಸಮಾಧಾನ ಸುಳ್ಳು ಸಮಾಧಾನ, ಕಾನೂನು ಅದನ್ನು ಒಪ್ಪುವುದಿಲ್ಲ ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ವರದಕ್ಷಿಣೆ, ಹೆಂಡತಿ ಹೊಡೆತದ ವಿಷಯ ಬರೆಯುವ ಪತ್ರಿಕೆಯಲ್ಲಿ ಬಾಡಿಗೆ ಮನೆಯ ಮಾತೇಕೆ ಎಂದು ನೀವು ಕೇಳಬಹುದು. ಸೋದರಿಯರೇ, ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ತವರಿನ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ. ತೆರೆದಿದ್ದರೂ ಅಣ್ಣತಮ್ಮಂದಿರ ಮನೆಯಲ್ಲಿ ಅವಳು ಎಷ್ಟು ದಿನ ಇದ್ದಾಳು? ಕೊನೆಗೆ ಒಂದು ವಠಾರದಲ್ಲೋ, ಶೀಟಿನ ಮನೆಗಳ ಸಾಲಿನಲ್ಲೋ ಒಂದು ರೂಮು ಹಿಡಿಯುತ್ತಾಳೆ. ಬೆಂಗಳೂರಿನಂಥ ಊರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವವರಿದ್ದಾರೆ. ಆ ಹಣಕ್ಕೆ ಸಂಘದಲ್ಲಿ ಸಾಲ ತೆಗೆಯುತ್ತಾಳೆ, ಕಿವಿಯೋಲೆ ಅಡವಿಡುತ್ತಾಳೆ. ಹತ್ತಡಿ ಹತ್ತಡಿಯ ಆ ರೂಮು ಅವಳ ಬಾಳಿನಲ್ಲಿ ಅವಳದೇ ಆದ ಮೊದಲ ಮನೆ. ಆ ಬಾಗಿಲಿಗೂ ಚಿಲಕದ ಭರವಸೆ ಇಲ್ಲವೆಂದರೆ ಅವಳು ಮತ್ತೆ ಹೊಡೆಯುವವನ ಮನೆಗೇ ಹೋಗಬೇಕಾಗುತ್ತದೆ. ಎಷ್ಟೋ ಹೆಂಗಸರು ಹಾಗೆ ಹೋಗಿದ್ದಾರೆ. ಆದ್ದರಿಂದ ಬಾಡಿಗೆ ಮನೆಯ ಹೊಸಿಲಿನ ಪ್ರಶ್ನೆ ನಮ್ಮ ಹೋರಾಟದ ಹೊರಗಿನ ಪ್ರಶ್ನೆಯಲ್ಲ.

ನಮ್ಮ ಸಂಘಗಳ ಒಕ್ಕೂಟದಲ್ಲಿ ನಾನು ಕಾನೂನು ತಿಳುವಳಿಕೆಯ ಕೆಲಸ ನೋಡಿಕೊಳ್ಳುತ್ತೇನೆ. ನನ್ನ ಮುಂದೆ ಬಂದ ಮೂರು ಸಂಗತಿಗಳನ್ನು ಹೇಳುತ್ತೇನೆ. ಹೆಸರು, ಊರು ಬೇಡ.

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬಾಕೆ. ಅವಳು ಕೆಲಸಕ್ಕೆ ಹೋದಾಗ ಮಾಲೀಕ ತನ್ನ ಹತ್ತಿರ ಇಟ್ಟುಕೊಂಡ ಎರಡನೇ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋಗುತ್ತಿದ್ದ. ಕೇಳಿದರೆ ‘ನಲ್ಲಿ ಸೋರುತ್ತಾ ನೋಡೋಕೆ ಹೋಗಿದ್ದೆ’ ಎನ್ನುತ್ತಿದ್ದ. ಸಂಜೆ ಬಂದು ನೋಡಿದರೆ ಅವಳ ಬಟ್ಟೆಯ ಪೆಟ್ಟಿಗೆ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ.

ಇಬ್ಬರು ಮಕ್ಕಳೊಂದಿಗೆ ಇರುವ ಇನ್ನೊಬ್ಬಾಕೆ. ಮಾಲೀಕ ರಾತ್ರಿ ಒಂಬತ್ತು ಗಂಟೆಗೆ ಬಾಡಿಗೆ ಕೇಳುವ ನೆಪದಲ್ಲಿ ಬರುತ್ತಿದ್ದ, ಮಂಚದ ಮೇಲೆ ಕೂರುತ್ತಿದ್ದ. ‘ಇವತ್ತು ಯಾರೋ ಬಂದಿದ್ದರಂತೆ, ಯಾರವನು?’ ಎಂದು ವಿಚಾರಣೆ ಮಾಡುತ್ತಿದ್ದ. ಹೋಗಿ ಎಂದರೂ ಹೋಗುತ್ತಿರಲಿಲ್ಲ.

ಮೂರನೆಯಾಕೆ ಗಂಡನನ್ನು ಬಿಟ್ಟು ಬಂದು ಹೊಲಿಗೆ ಮಾಡಿ ಬದುಕುತ್ತಿದ್ದವಳು. ಗಂಡ ಹುಡುಕಿಕೊಂಡು ಬಂದ. ಅವಳು ಮನೆಯಲ್ಲಿರಲಿಲ್ಲ. ಮಾಲೀಕ ಕೀಲಿ ಕೊಟ್ಟ. ಗಂಡ ಹೊಲಿಗೆ ಮಿಷನ್ನು, ಮಕ್ಕಳ ಶಾಲೆಯ ಕಾಗದ, ಎರಡು ಬಳೆ ತೆಗೆದುಕೊಂಡು ಹೋದ. ಮಾಲೀಕ ಹೇಳಿದ್ದು ಇಷ್ಟೇ: ‘ಗಂಡ ತಾನೆ ಬಂದಿದ್ದು, ಬೇರೆ ಯಾರೋ ಅಲ್ಲವಲ್ಲ.’

ಮೂವರೂ ಠಾಣೆಗೆ ಹೋದರು. ಮೂವರಿಗೂ ಸಿಕ್ಕಿದ್ದು ಒಂದೇ ಉತ್ತರ: ‘ಮನೆ ಅವರದು, ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಮ್ಮ.’

ಒಡೆತನ ಬೇರೆ, ಸ್ವಾಧೀನ ಬೇರೆ

ಈ ಉತ್ತರ ತಪ್ಪು. ಏಕೆ ತಪ್ಪು ಎಂದು ತಿಳಿಯಲು ಒಂದೇ ಒಂದು ಪದ ಕಲಿತರೆ ಸಾಕು. ಅದು ‘ಸ್ವಾಧೀನ’.

ಮದುವೆಗೆ ಶಾಮಿಯಾನದ ಅಂಗಡಿಯಿಂದ ಹಂಡೆ, ಕೊಳಗ ಬಾಡಿಗೆಗೆ ತರುತ್ತೇವೆ. ಹಂಡೆ ಅಂಗಡಿಯವನದೇ. ಆದರೆ ಅನ್ನ ಬೇಯುತ್ತಿರುವಾಗ ಅವನು ಬಂದು ಮುಚ್ಚಳ ತೆಗೆದು ನೋಡಿದರೆ, ‘ಹಂಡೆ ನನ್ನದು’ ಎಂದು ಅನ್ನ ಸುರಿದು ಹಂಡೆ ಹೊತ್ತುಕೊಂಡು ಹೋದರೆ ನಾವು ಬಿಡುತ್ತೇವೆಯೇ? ಹಂಡೆಯ ಒಡೆತನ ಅವನದು, ಬಾಡಿಗೆ ಕೊಟ್ಟಷ್ಟು ದಿನ ಅದರ ಸ್ವಾಧೀನ ನಮ್ಮದು. ಮನೆಯೂ ಹಾಗೆಯೇ. ಕೀಲಿ ನಿಮ್ಮ ಕೈಗೆ ಬಂದು ನೀವು ಪಾತ್ರೆಪಡಗ ಇಟ್ಟುಕೊಂಡು ಸಂಸಾರ ಹೂಡಿದ ದಿನದಿಂದ ಮನೆ ನಿಮ್ಮ ಸ್ವಾಧೀನಕ್ಕೆ ಬಂತು. ಮಾಲೀಕನ ಹತ್ತಿರ ಖಾತೆ, ಕಂದಾಯದ ರಸೀತಿ ಎಲ್ಲ ಇರಲಿ, ಅವು ಒಡೆತನದ ಕಾಗದಗಳು.

1860ರ ಭಾರತೀಯ ದಂಡ ಸಂಹಿತೆಯ 441ನೇ ಕಲಮಿನಲ್ಲಿ ಆಪರಾಧಿಕ ಅತಿಕ್ರಮ ಪ್ರವೇಶ ಎಂದರೆ ಏನೆಂದು ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ 329ನೇ ಕಲಮಿನಲ್ಲೂ ಇದೇ ಅರ್ಥ ಉಳಿದಿದೆ. ಇನ್ನೊಬ್ಬರ ಸ್ವಾಧೀನದಲ್ಲಿರುವ ಜಾಗಕ್ಕೆ ಅಪರಾಧ ಮಾಡುವ ಉದ್ದೇಶದಿಂದ, ಇಲ್ಲವೇ ಅಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶದಿಂದ ನುಗ್ಗುವುದು ಅಪರಾಧ. ಸರಿಯಾದ ರೀತಿಯಲ್ಲಿಯೇ ಒಳಗೆ ಬಂದು, ಆಮೇಲೆ ಅದೇ ಉದ್ದೇಶದಿಂದ ಕಾನೂನಿಗೆ ವಿರುದ್ಧವಾಗಿ ಅಲ್ಲೇ ಉಳಿಯುವುದೂ ಅಪರಾಧ. ಗಮನಿಸಿ, ಕಾಯಿದೆ ‘ಇನ್ನೊಬ್ಬರ ಒಡೆತನದ ಜಾಗ’ ಎಂದಿಲ್ಲ, ‘ಇನ್ನೊಬ್ಬರ ಸ್ವಾಧೀನದ ಜಾಗ’ ಎಂದಿದೆ. ಮಾಲೀಕನೂ ತನ್ನದೇ ಮನೆಯಲ್ಲಿ ಅತಿಕ್ರಮ ಪ್ರವೇಶದ ಅಪರಾಧಿ ಆಗಬಲ್ಲ ಎನ್ನುವುದಕ್ಕೆ ಈ ಒಂದು ಪದವೇ ಆಧಾರ.

ಆ ಜಾಗ ಜನ ವಾಸ ಮಾಡುವ ಕಟ್ಟಡವಾಗಿದ್ದರೆ, ಗುಡಾರವಾಗಿದ್ದರೂ ಸರಿ, ಅದು ಗೃಹ ಅತಿಕ್ರಮ ಪ್ರವೇಶ. ಶಿಕ್ಷೆ ಒಂದು ವರ್ಷದ ತನಕ ಸೆರೆವಾಸ, ಇಲ್ಲವೇ 5000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹಳೆಯ ಕಾಯಿದೆಯಲ್ಲಿ ದಂಡ 1000 ರೂಪಾಯಿ ಇತ್ತು. ಪೂರ್ತಿ ಒಳಗೆ ಬರಬೇಕೆಂದೇನೂ ಇಲ್ಲ. ದೇಹದ ಯಾವುದೇ ಭಾಗ ಒಳಗೆ ಬಂದರೂ ಪ್ರವೇಶವೇ ಎಂದು ಕಾಯಿದೆಯ ವಿವರಣೆ ಹೇಳುತ್ತದೆ. ಮುಚ್ಚುವ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಲ್ಲುವವರು ಇದನ್ನು ನೆನಪಿಡಬೇಕು.

ಇನ್ನು ಕೀಲಿಯ ವಿಷಯ. ಗೃಹ ಅತಿಕ್ರಮ ಪ್ರವೇಶ ಮಾಡುವುದಕ್ಕಾಗಿ ಬೀಗ ತೆರೆದರೆ ಅದು ಇನ್ನೂ ದೊಡ್ಡ ಅಪರಾಧ, ಕಾಯಿದೆಯ ಮಾತಿನಲ್ಲಿ ಮನೆ ಭೇದನ. ಕಳೆದುಹೋದ ಕೀಲಿ ಸಿಕ್ಕಿದವನು ಅದರಿಂದಲೇ ಬಾಗಿಲು ತೆರೆದು ಹೀಗೆ ಒಳಗೆ ಹೋದರೂ ಅದು ಮನೆ ಭೇದನವೇ ಎಂದು 1860ರಲ್ಲಿಯೇ ಉದಾಹರಣೆ ಕೊಟ್ಟು ಬರೆದಿದ್ದರು. ಬೀಗ ಒಡೆಯಲಿಲ್ಲ, ಕೀಲಿ ಹಾಕಿಯೇ ತೆಗೆದೆ ಎನ್ನುವ ಮಾತು ರಕ್ಷಣೆಯಾಗುವುದಿಲ್ಲ. ಇದಕ್ಕೆ ಎರಡು ವರ್ಷದ ತನಕ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುಂಚೆ ಮಾಡಿದರೆ ಮೂರು ವರ್ಷದ ತನಕ ಶಿಕ್ಷೆ ಇದೆ.

ಎಲ್ಲ ಪ್ರವೇಶವೂ ಅಪರಾಧವಲ್ಲ

ಇಷ್ಟು ಓದಿ ಉತ್ಸಾಹ ಬಂದಿದ್ದರೆ ಸ್ವಲ್ಪ ತಾಳಿ. ಮಾಲೀಕ ಬಾಗಿಲೊಳಗೆ ಬಂದದ್ದೆಲ್ಲ ಅಪರಾಧವಾಗುವುದಿಲ್ಲ. ಇದನ್ನು ತಿಳಿಯದೆ ದೂರು ಕೊಟ್ಟರೆ ದೂರು ನಿಲ್ಲುವುದಿಲ್ಲ, ನಾಳೆ ನಿಜವಾದ ದೂರು ಕೊಟ್ಟಾಗಲೂ ನಂಬುವವರಿರುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನಲ್ಲಿ ಎರಡೂ ಕಡೆಯ ಮಾತಿದೆ. ಬಾಡಿಗೆ ಕೊಟ್ಟು, ಒಪ್ಪಿದ ಷರತ್ತಿನಂತೆ ನಡೆದುಕೊಳ್ಳುವವರು ಅಡ್ಡಿ ಆತಂಕವಿಲ್ಲದೆ ಮನೆಯಲ್ಲಿರಬಹುದು ಎನ್ನುತ್ತದೆ ಒಂದು ಮಾತು. ಯೋಗ್ಯವಾದ ಹೊತ್ತಿನಲ್ಲಿ ಮಾಲೀಕ ಬಂದು ಮನೆಯ ಸ್ಥಿತಿ ನೋಡಲು ಬಾಡಿಗೆದಾರರು ಬಿಡಬೇಕು ಎನ್ನುತ್ತದೆ ಇನ್ನೊಂದು. ಗೋಡೆ ಬಿರುಕು ಬಿಟ್ಟಿದೆ, ಮೇಲಿನ ಟ್ಯಾಂಕ್ ಒಡೆದಿದೆ, ವೈರ್ ಸುಟ್ಟ ವಾಸನೆ ಬರುತ್ತಿದೆ ಎಂದಾಗ ಮಾಲೀಕ ಬಂದರೆ ಅದು ಅವನ ಹಕ್ಕೂ ಹೌದು, ಕೆಲಸವೂ ಹೌದು.

ಗೆರೆ ಇರುವುದು ಉದ್ದೇಶದಲ್ಲಿ. 1964ರಲ್ಲಿ ವರದಿಯಾದ ಮಾಥ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಬಿಗಿಯಾಗಿಯೇ ಹೇಳಿತು. ಒಳಗೆ ಬಂದದ್ದರಿಂದ ಇನ್ನೊಬ್ಬರಿಗೆ ಕಿರಿಕಿರಿ ಆಗುತ್ತದೆಂದು ಗೊತ್ತಿದ್ದರೆ ಸಾಲದು, ಕಿರಿಕಿರಿ ಮಾಡುವುದೇ ಆ ಪ್ರವೇಶದ ಗುರಿಯಾಗಿತ್ತು ಎಂದು ನ್ಯಾಯಾಲಯಕ್ಕೆ ಮನವರಿಕೆ ಆಗಬೇಕು ಎಂದಿತು. ಮನಸ್ಸಿನೊಳಗಿನ ಉದ್ದೇಶವನ್ನು ತೋರಿಸುವುದು ಹೇಗೆ? ಹೊರಗಿನ ನಡೆಯಿಂದಲೇ ತೋರಿಸಬೇಕು. ಎಷ್ಟು ಹೊತ್ತಿಗೆ ಬಂದ? ಹೇಳಿ ಬಂದನೇ, ಹೇಳದೆ ಬಂದನೇ? ಬಂದು ಏನು ಮಾತಾಡಿದ? ಬರಬೇಡಿ ಎಂದು ಮುಂಚೆಯೇ ಹೇಳಿದ್ದರೂ ಬಂದನೇ? ಹೋಗಿ ಎಂದ ಮೇಲೂ ನಿಂತನೇ? ಎಷ್ಟು ಸಲ ಹೀಗಾಗಿದೆ?

ಈಗ ಆ ಮೂವರು ಹೆಂಗಸರ ಕಡೆ ನೋಡೋಣ.

ಮೊದಲನೆಯಾಕೆಯ ಮಾಲೀಕ ಒಂದು ಸಲ ನಲ್ಲಿ ನೋಡಲು ಹೋಗಿದ್ದರೆ ಅದನ್ನು ಅಪರಾಧ ಎನ್ನುವುದು ಕಷ್ಟ. ಆದರೆ ‘ನಾನಿಲ್ಲದಾಗ ಬಾಗಿಲು ತೆಗೆಯಬೇಡಿ, ರಿಪೇರಿ ಇದ್ದರೆ ಭಾನುವಾರ ಬನ್ನಿ’ ಎಂದು ಅವಳು ಬರವಣಿಗೆಯಲ್ಲಿ ಹೇಳಿದ ಮೇಲೂ ಅವನು ಕೀಲಿ ಹಾಕಿ ಒಳಗೆ ಹೋಗಿ ಪೆಟ್ಟಿಗೆ ತಡಕಿದರೆ ನಲ್ಲಿಯ ನೆಪ ನಡೆಯುವುದಿಲ್ಲ. ಕದಿಯಲಿಕ್ಕೆಂದು ಹೋದದ್ದಾದರೆ ಅಪರಾಧದ ಉದ್ದೇಶವಾಯಿತು. ಕ್ಯಾಮರಾ ಇಟ್ಟು ಹೆಂಗಸರನ್ನು ಕದ್ದು ನೋಡಲು ಹೋದದ್ದಾದರೆ ಅದು ನ್ಯಾಯ ಸಂಹಿತೆಯ 77ನೇ ಕಲಮಿನ ಬೇರೆ ಅಪರಾಧವೂ ಆಗುತ್ತದೆ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಶಿಕ್ಷೆ.

ಎರಡನೆಯಾಕೆಯ ಪ್ರಕರಣದಲ್ಲಿ ಮಾಲೀಕ ಬಾಡಿಗೆ ಕೇಳಲು ಬಂದದ್ದು ಸರಿಯೇ ಇರಬಹುದು. ‘ಹೊರಗೆ ಹೋಗಿ’ ಎಂದ ಮೇಲೆಯೂ ಮಂಚದ ಮೇಲೆ ಕೂತು ಅವಳ ನಡತೆಯ ವಿಚಾರಣೆ ನಡೆಸಿದ್ದು ಅವಮಾನದ ಉದ್ದೇಶ ಅಲ್ಲದೆ ಮತ್ತೇನು? ಕಾಯಿದೆಯ ಎರಡನೇ ಭಾಗ ಇಂಥವನಿಗಾಗಿಯೇ ಇದೆ. ಹೆಂಗಸಿನ ಮಾನಕ್ಕೆ ಕುಂದು ತರುವ ಮಾತಿಗೆ, ಆ ಉದ್ದೇಶದಿಂದ ಅವಳ ಏಕಾಂತದೊಳಗೆ ನುಗ್ಗುವುದಕ್ಕೆ 79ನೇ ಕಲಮಿನಲ್ಲಿ ಮೂರು ವರ್ಷದ ತನಕ ಶಿಕ್ಷೆಯೂ ಇದೆ.

ಮೂರನೆಯಾಕೆಯ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬಾಡಿಗೆ ಮನೆ ಅವಳ ಹೆಸರಿನಲ್ಲಿತ್ತು, ಸ್ವಾಧೀನ ಅವಳದು. ತಾಳಿ ಕಟ್ಟಿದ್ದರಿಂದ ಆ ಬಾಗಿಲಿನ ಕೀಲಿ ಗಂಡನಿಗೆ ಸಿಗುವುದಿಲ್ಲ. ಅವಳ ದುಡಿಮೆಯ ಮಿಷನ್ನು, ಅವಳ ಬಳೆ ಹೊತ್ತುಕೊಂಡು ಹೋಗಲು ಬಂದವನ ಉದ್ದೇಶ ಹೊತ್ತುಕೊಂಡು ಹೋದದ್ದರಲ್ಲೇ ಕಾಣುತ್ತದೆ. ಉದ್ದೇಶ ಗೊತ್ತಿದ್ದೂ ಕೀಲಿ ಕೊಟ್ಟ ಮಾಲೀಕ ಅಪರಾಧಕ್ಕೆ ನೆರವಾದವನು. ಕುಮ್ಮಕ್ಕು ಎಂದರೆ ಬರೀ ಬಾಯಲ್ಲಿ ಹುರಿದುಂಬಿಸುವುದಲ್ಲ, ಬೇಕೆಂದೇ ನೆರವು ಕೊಡುವುದೂ ಕುಮ್ಮಕ್ಕೇ. ಇಂಥ ಗಂಡನ ಭಯ ಇರುವವರು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ರಕ್ಷಣಾ ಆದೇಶ ಪಡೆಯಬೇಕು. ಅವಳ ಕೆಲಸದ ಜಾಗಕ್ಕೆ, ಮಕ್ಕಳ ಶಾಲೆಗೆ ಕಾಲಿಡದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಆದೇಶ ಮುರಿದರೆ ಒಂದು ವರ್ಷದ ತನಕ ಸೆರೆವಾಸ, 20,000 ರೂಪಾಯಿ ತನಕ ದಂಡ. ಆ ಆದೇಶದ ಒಂದು ಪ್ರತಿಯನ್ನು ಮಾಲೀಕನ ಕೈಗೂ ಕೊಡಿ. ಆಮೇಲೆ ‘ಗಂಡ ತಾನೆ’ ಎನ್ನಲು ಅವನಿಗೆ ಬಾಯಿರುವುದಿಲ್ಲ.

ಬಾಡಿಗೆ ಬಾಕಿ ಇದ್ದರೆ?

ಸಭೆಗಳಲ್ಲಿ ನಾನು ಇದನ್ನೆಲ್ಲ ಹೇಳುವಾಗ ಯಾರಾದರೂ ಎದ್ದು ಕೇಳುತ್ತಾರೆ: ‘ಅಕ್ಕಾ, ನಾವು ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡಿದ್ದೇವೆ. ನಮಗೂ ಈ ಹಕ್ಕು ಇದೆಯಾ?’

ಇದೆ. ಬಾಕಿ ಇದ್ದರೆ ಅದು ಸಾಲ, ಕೊಡಲೇಬೇಕು. ಬಾಕಿಯ ಕಾರಣ ಹೇಳಿ ಮಾಲೀಕ ಮನೆ ಖಾಲಿ ಮಾಡಿಸಲು ಕೋರ್ಟಿಗೆ ಹೋಗಬಹುದು. ಆದರೆ ತಾನೇ ನುಗ್ಗಿ ಸಾಮಾನು ಹೊರಗೆಸೆಯುವಂತಿಲ್ಲ, ಮೇಲೆ ಇನ್ನೊಂದು ಬೀಗ ಜಡಿಯುವಂತಿಲ್ಲ. ನೆಲೆಗೊಂಡ ಸ್ವಾಧೀನದಲ್ಲಿ ಇರುವವರನ್ನು, ಅವರಿಗೆ ಅಲ್ಲಿರಲು ಹಕ್ಕಿಲ್ಲ ಎಂದು ಇಟ್ಟುಕೊಂಡರೂ, ಒಡೆಯ ಕಾನೂನಿನ ದಾರಿಯಿಂದ ಮಾತ್ರ ಹೊರಹಾಕಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು. ಕರ್ನಾಟಕದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲಿ 2003ರಲ್ಲಿಯೂ ಇದೇ ತತ್ವವನ್ನು ಎತ್ತಿಹಿಡಿಯಿತು.

ಹಾಗೆ ಬಲವಂತದಿಂದ ಹೊರಹಾಕಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಂತೆ ಆರು ತಿಂಗಳ ಒಳಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದೆಂಬ ಚರ್ಚೆಯೇ ಬರುವುದಿಲ್ಲ, ಯಾರು ಇದ್ದರು, ಯಾರು ಹೊರಹಾಕಿದರು ಎಂಬುದಷ್ಟೇ ಪ್ರಶ್ನೆ. ಆರು ತಿಂಗಳು ಮೀರಿದರೆ ಈ ಸುಲಭದ ದಾರಿ ಮುಚ್ಚುತ್ತದೆ.

ಇನ್ನು ಕೆಲವರ ಉಪಾಯ ಬೇರೆ. ಒಳಗೆ ನುಗ್ಗದೆ ನೀರು ನಿಲ್ಲಿಸುತ್ತಾರೆ, ಫ್ಯೂಸ್ ಕೀಳುತ್ತಾರೆ. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಗಂಡ ಬಿಟ್ಟುಹೋದ ಮನೆ

ನಮ್ಮ ಸಂಘಗಳಲ್ಲಿ ಹೆಚ್ಚು ಕಾಣುವ ಇನ್ನೊಂದು ಕಷ್ಟವಿದೆ. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ ಇರುತ್ತದೆ. ಅವನು ಬೇರೆ ಸಂಸಾರ ಹೂಡಿ ಹೋಗಿರುತ್ತಾನೆ. ಅಡ್ವಾನ್ಸ್ ಅವನಿಗೇ ಕೊಟ್ಟುಬಿಟ್ಟೆ, ನೀನು ಜಾಗ ಖಾಲಿ ಮಾಡು ಎಂದು ಮಾಲೀಕ ಬಾಗಿಲು ಬಡಿಯುತ್ತಾನೆ.

ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ‘ಹಂಚಿಕೊಂಡ ಮನೆ’ ಎಂದರೆ ಸ್ವಂತ ಮನೆ ಮಾತ್ರವಲ್ಲ, ಬಾಡಿಗೆ ಮನೆಯೂ ಸೇರುತ್ತದೆ. ಅಲ್ಲಿ ಇರುವ ಹಕ್ಕು ಹೆಂಡತಿಗಿದೆ. ಬಾಡಿಗೆ ಕಟ್ಟುವಂತೆ, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿಕೊಡುವಂತೆ 19ನೇ ಕಲಮಿನಡಿ ಗಂಡನಿಗೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಇದಕ್ಕೂ ಮುಂಚೆ, 2005ರ ಫೆಬ್ರವರಿಯಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಹತ್ವದ ಮಾತು ಹೇಳಿತ್ತು. ಗಂಡ ಬಿಟ್ಟುಹೋದ ಹೆಂಡತಿ ಬಾಡಿಗೆ ಮನೆಯಲ್ಲೇ ಮುಂದುವರಿದಿದ್ದು, ಗಂಡ ಮನೆಯ ಮೊಕದ್ದಮೆಯನ್ನು ಕೈಬಿಟ್ಟಿದ್ದರೆ, ಅವಳೇ ನಿಂತು ಅದನ್ನು ಎದುರಿಸಬಹುದು. ಆದರೆ ಬಾಡಿಗೆ ಕೊಡುವ ಹೊಣೆಯೂ ಅವಳ ಮೇಲೆ ಬರುತ್ತದೆ. ವಿಚ್ಛೇದನ ಆದ ಮೇಲೆ, ವಿಚ್ಛೇದನದ ಕಾಗದದಲ್ಲಿ ಮನೆಯ ಮಾತು ಬರೆಸಿಕೊಂಡಿರದಿದ್ದರೆ, ಆ ಹಕ್ಕು ಮುಗಿಯುತ್ತದೆ. ಆ ಪ್ರಕರಣದ ಹೆಂಗಸು ಸೋತದ್ದೇ ಇದರಿಂದ. ‘ಪರಸ್ಪರ ಒಪ್ಪಿಗೆ’ಯ ವಿಚ್ಛೇದನಕ್ಕೆ ಸಹಿ ಹಾಕುವ ಪ್ರತಿಯೊಬ್ಬ ಸೋದರಿಯೂ ಕೇಳಬೇಕಾದ ಪ್ರಶ್ನೆ: ನಾನು ನಾಳೆ ಎಲ್ಲಿರುತ್ತೇನೆ? ಅದನ್ನು ಈ ಕಾಗದದಲ್ಲಿ ಬರೆದಿದ್ದೀರಾ?

ನಮ್ಮಲ್ಲೂ ಮಾಲೀಕರಿದ್ದಾರೆ

ಇನ್ನೊಂದು ಮಾತು ಹೇಳದಿದ್ದರೆ ಪ್ರಾಮಾಣಿಕತೆ ಆಗುವುದಿಲ್ಲ. ನಮ್ಮ ಸಂಘದ ಸದಸ್ಯೆಯರಲ್ಲೇ ಸಾಲ ಮಾಡಿ ಮನೆಯ ಹಿಂದೆ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಟ್ಟವರಿದ್ದಾರೆ. ಆ ಬಾಡಿಗೆಯಿಂದಲೇ ಅವರ ಸಾಲದ ಕಂತು ಹೋಗುತ್ತದೆ. ಅವರಿಗೆ ನಾನು ಶತ್ರುವಲ್ಲ. ಆದರೆ ಅವರಲ್ಲಿ ಕೆಲವರು ಒಂಟಿ ಹೆಂಗಸಿಗೆ ರೂಮು ಕೊಟ್ಟು, ಅವಳಿಗೆ ಅತ್ತೆಯ ಹಾಗೆ ಕಾವಲು ಕೂರುವುದನ್ನು ನೋಡಿದ್ದೇನೆ. ‘ಒಳ್ಳೆಯದಕ್ಕೇ ನೋಡ್ತೀವಿ, ನಾಳೆ ಏನಾದರೂ ಆದರೆ ನಮ್ಮ ಮನೆಗೆ ಕೆಟ್ಟ ಹೆಸರು’ ಎನ್ನುತ್ತಾರೆ. ಸೊಸೆಯ ಪೆಟ್ಟಿಗೆ ತಡಕುವ ಅತ್ತೆಯೂ ಒಳ್ಳೆಯದಕ್ಕೇ ಎನ್ನುತ್ತಾಳಲ್ಲವೇ? ಕಾಯಿದೆ ಗಂಡಸು ಮಾಲೀಕ, ಹೆಂಗಸು ಮಾಲೀಕಳು ಎಂದು ಭೇದ ಮಾಡುವುದಿಲ್ಲ. ನಾವೂ ಮಾಡಬಾರದು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. ಆ ಹಕ್ಕು ಸ್ವಂತ ಮನೆ ಇದ್ದವರಿಗೆ ಮಾತ್ರ ಎಂದೇನೂ ಅವರು ಹೇಳಲಿಲ್ಲ.

ಮಾಲೀಕಳಾದ ಸೋದರಿಗೆ ನನ್ನ ಸಲಹೆ ಇಷ್ಟೇ. ಒಳಗೆ ಬರಬೇಕಾದರೆ ಒಂದು ದಿನ ಮುಂಚೆ ಹೇಳಿ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ, ಮನೆಗೆ ಬರುವ ಮುಂಚೆ 24 ಗಂಟೆಯ ಬರವಣಿಗೆಯ ನೋಟೀಸು ಕೊಡಬೇಕು, ದಿನ, ಹೊತ್ತು, ಕಾರಣ ಹೇಳಬೇಕು ಎಂದಿದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿ ಮಾಡಿಕೊಂಡಲ್ಲಿ ಮಾತ್ರ ಕಾನೂನು. ಆದರೆ ಒಳ್ಳೆಯ ಮಾತನ್ನು ಪಾಲಿಸಲು ಸರ್ಕಾರದ ಗೆಜೆಟ್ಟಿಗೆ ಕಾಯಬೇಕೆ? ಈ ಒಂದು ಸಾಲನ್ನು ಇವತ್ತೇ ಪ್ರತಿ ಬಾಡಿಗೆ ಕರಾರಿನಲ್ಲಿ ಬರೆಸಬಹುದು.

ಸಂಘ ಏನು ಮಾಡಬೇಕು?

ಕಾಯಿದೆ ಪುಸ್ತಕದಲ್ಲಿದ್ದರೆ ಬಾಗಿಲಿಗೆ ಚಿಲಕ ಆಗುವುದಿಲ್ಲ. ಇನ್ನೂ ಒಂದು ಕಹಿ ಸತ್ಯವನ್ನು ಹೇಳಿಬಿಡುತ್ತೇನೆ. ಗೃಹ ಅತಿಕ್ರಮ ಪ್ರವೇಶ ಜಾಮೀನು ಸಿಗುವ ಅಪರಾಧ. ಬೆಳಿಗ್ಗೆ ಠಾಣೆಗೆ ಹೋದ ಮಾಲೀಕ ಸಂಜೆಗೆ ಮನೆಗೆ ಬರುತ್ತಾನೆ. ಬಾಡಿಗೆಯಾಕೆ ಅದೇ ಕಟ್ಟಡದಲ್ಲಿ ಅವನ ಕಣ್ಣೆದುರೇ ಬದುಕಬೇಕು. ಆ ಸಂಜೆ ಅವಳು ಒಬ್ಬಳೇ ಇದ್ದರೆ ಕಾಯಿದೆ ಸೋಲುತ್ತದೆ. ಹತ್ತು ಜನ ಹೆಂಗಸರು ಅವಳ ಬಾಗಿಲಲ್ಲಿ ಕೂತು ಚಹಾ ಕುಡಿದು ಹೋದರೆ ಕಾಯಿದೆಗೆ ಕಾಲು ಬರುತ್ತದೆ. ಇದು ವಕೀಲರಿಂದ ಆಗುವ ಕೆಲಸವಲ್ಲ, ಸಂಘದಿಂದ ಮಾತ್ರ ಆಗುವ ಕೆಲಸ.

ಕರಾರು ಇರಲಿ, ಬಿಡಲಿ, ಸ್ವಾಧೀನದ ಕುರುಹು ಕೂಡಿಡಿ. ತಿಂಗಳ ಬಾಡಿಗೆಗೆ ಬಾಯಿ ಮಾತಿನ ಒಪ್ಪಂದವಾಗಿ ಮನೆ ವಹಿಸಿಕೊಟ್ಟಿದ್ದರೂ ಅದು ಬಾಡಿಗೆಯೇ. ಬಾಡಿಗೆ ಚೀಟಿ, ಫೋನಿನಲ್ಲಿ ಹಣ ಕಳಿಸಿದ ದಾಖಲೆ, ಕರೆಂಟ್ ಬಿಲ್ಲು, ಗ್ಯಾಸಿನ ಪುಸ್ತಕ, ಮಕ್ಕಳ ಶಾಲೆಯ ದಾಖಲೆಯಲ್ಲಿನ ವಿಳಾಸ, ಎಲ್ಲದರ ಒಂದೊಂದು ಪ್ರತಿ ಸಂಘದ ಪೆಟ್ಟಿಗೆಯಲ್ಲೂ ಇರಲಿ. ಕರಾರು ಮಾಡುವಾಗ ಹೆಂಗಸಿನ ಹೆಸರೇ ಬರೆಸಿ. ಪಿಜಿ, ಹಾಸ್ಟೆಲ್ಲುಗಳಲ್ಲಿ ಇರುವ ಹುಡುಗಿಯರ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಕಟ್ಟಡದ ಹಿಡಿತ ನಡೆಸುವವರ ಕೈಯಲ್ಲೇ ಇರುವುದರಿಂದ ಸ್ವಾಧೀನದ ವಾದ ಅಷ್ಟು ಸಲೀಸಲ್ಲ. ಆದರೆ ಕದ್ದು ನೋಡುವುದು, ಮೈಮುಟ್ಟುವುದು, ಅವಮಾನದ ಮಾತಾಡುವುದು ಅಲ್ಲಿಯೂ ಅಪರಾಧವೇ.

ಯಾರಾದರೂ ನುಗ್ಗಿದರೆ ‘ಹೊರಗೆ ಹೋಗಿ’ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ. ಆ ಮಾತೇ ಸಾಕ್ಷಿ. ಹೋಗದಿದ್ದರೆ 112ಕ್ಕೆ ಫೋನು ಮಾಡಿ. ಮಹಿಳಾ ಸಹಾಯವಾಣಿ 181. ದಿನ, ಹೊತ್ತು, ಆಡಿದ ಮಾತು, ಕಂಡವರ ಹೆಸರು ಅಂದೇ ಬರೆದಿಡಿ.

ಠಾಣೆಯಲ್ಲಿ ‘ಸಿವಿಲ್ ವಿಷಯ’ ಎಂದರೆ ಹೀಗೆ ಹೇಳಿ: ಬಾಡಿಗೆ ಎಷ್ಟು ಬಾಕಿ ಎನ್ನುವುದು ಸಿವಿಲ್ ವಿಷಯ ಸ್ವಾಮಿ, ಮನೆಗೆ ನುಗ್ಗಿ ಬೆದರಿಸಿದ್ದು ಸಂಜ್ಞೇಯ ಅಪರಾಧ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಫ್‌ಐಆರ್ ಪ್ರತಿ ಹಣವಿಲ್ಲದೆ ಕೊಡಬೇಕು. ದಾಖಲಿಸದಿದ್ದರೆ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಎಲ್ಲ ಹೆಂಗಸರಿಗೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ಊರಿನ ದೊಡ್ಡವರು ರಾಜಿಗೆ ಬಂದರೆ ನೆನಪಿರಲಿ: ಈ ಅಪರಾಧದಲ್ಲಿ ರಾಜಿ ಮಾಡಿಕೊಳ್ಳುವ ಹಕ್ಕು ಸ್ವಾಧೀನದಲ್ಲಿದ್ದವರದು, ಅಂದರೆ ಬಾಡಿಗೆಯಾಕೆಯದು. ದೊಡ್ಡವರದಲ್ಲ, ಗಂಡನದೂ ಅಲ್ಲ. ರಾಜಿ ಬೇಕೆನಿಸಿದರೆ ಮಾಡಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಎರಡನೇ ಕೀಲಿ ವಾಪಸು ಕೊಡಬೇಕು, ಹೇಳದೆ ಬರಬಾರದು, ಅಡ್ವಾನ್ಸ್ ಮುಟ್ಟುಗೋಲು ಹಾಕಬಾರದು ಎಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಲಿ.

‘ಇಷ್ಟೆಲ್ಲ ರಗಳೆ ಯಾಕೆ, ಬೇರೆ ಮನೆ ನೋಡಿಕೊಂಡರಾಯಿತು’ ಎನ್ನುವವರು ನಮ್ಮಲ್ಲಿದ್ದಾರೆ. ಬೇರೆ ಮನೆ ಎಂದರೆ ಮತ್ತೆ ಅಡ್ವಾನ್ಸ್, ಮತ್ತೆ ಸಾಲ, ಮಕ್ಕಳಿಗೆ ಮತ್ತೆ ಶಾಲೆ. ಅಲ್ಲಿಯೂ ಇನ್ನೊಬ್ಬ ಮಾಲೀಕ, ಇನ್ನೊಂದು ಎರಡನೇ ಕೀಲಿ. ಹೊಡೆಯುವ ಗಂಡನ ವಿಷಯದಲ್ಲಿಯೂ ನಮಗೆ ಇದನ್ನೇ ಹೇಳುತ್ತಿದ್ದರು: ಹೊಂದಿಕೊಂಡು ಹೋಗು, ಇಲ್ಲವೇ ಬಿಟ್ಟು ಹೋಗು. ಎರಡರಲ್ಲೂ ಹೋಗಬೇಕಾದವಳು ಹೆಂಗಸೇ! ನುಗ್ಗಿದವನು ಹೊರಗೆ ಹೋಗಲಿ ಎಂದು ಕೇಳುವ ಕಾಲ ಬಂದಿದೆ.

ಮುಂದಿನ ವಾರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಎಷ್ಟು ಜನ ಬಾಡಿಗೆ ಮನೆಯಲ್ಲಿದ್ದೇವೆ? ಅವರ ಮನೆಯ ಎರಡನೇ ಕೀಲಿ ಯಾರ ಹತ್ತಿರ ಇದೆ? ಆ ಪಟ್ಟಿ ಮಾಡಿ. ಅಲ್ಲಿಂದ ಕೆಲಸ ಶುರುವಾಗಲಿ.